ಕಡಿಮೆ ವೆಚ್ಚದ ಸಣ್ಣ ಕೊಟ್ಟಿಗೆ ನಿರ್ಮಾಣ: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಜಾನುವಾರು ಸಾಕಣೆದಾರರಿಗೆ ಮಾಹಿತಿ

ಒಂದೆರಡು ಹಸು, ಒಂದು ಜೊತೆ ಎತ್ತು, ಒಂದೆರಡು ಕರು ಇರುವ ಸಣ್ಣ ರೈತ ಕುಟುಂಬಕ್ಕೆ ಕೊಟ್ಟಿಗೆಯು ಮನೆಯಷ್ಟೇ ಮುಖ್ಯವಾದ ಆಸ್ತಿಯಾಗಿರುತ್ತದೆ. ಹಾಲಿನ ಹಣ, ಉಳುಮೆಯ ಶಕ್ತಿ ಮತ್ತು ಹೊಲಕ್ಕೆ ಬೇಕಾದ ಗೊಬ್ಬರ ಇವು ಮೂರೂ ಅಲ್ಲಿಂದಲೇ ದೊರೆಯುತ್ತವೆ. ಆದರೆ ಕೊಟ್ಟಿಗೆ ಕಟ್ಟುವಾಗ ಬಹುತೇಕ ರೈತರು ಗೋಡೆಗೆ ಮೊದಲು ಹಣ ಹಾಕಿ, ನಂತರ ಚಾವಣಿ ಹೊದಿಸಿ, ಕೊನೆಗೆ ಹಣ ಸಾಲದೆ ನೆಲವನ್ನು ಹಾಗೆಯೇ ಬಿಡುವುದು ಕಂಡುಬರುತ್ತದೆ. ಇದರಿಂದ ನೋಡಲು ಗಟ್ಟಿಯಾದ ಕಟ್ಟಡದೊಳಗೆ ಜಾನುವಾರುಗಳು ಸಗಣಿ ಗಂಜಲದ ಕೆಸರಿನಲ್ಲಿ ಮಲಗುವಂತಾಗುತ್ತದೆ. ಕೆಚ್ಚಲು ಬಾವು, ಗೊರಸು ಕೊಳೆಯುವುದು, ಉಣ್ಣೆ ಮತ್ತು ನೊಣದ ಕಾಟ ಇವುಗಳಿಗೆ ಇದೇ ಮೂಲ ಕಾರಣವಾಗಿದೆ.

ಹಣ ಕಡಿಮೆ ಇರುವಾಗ ಅದನ್ನು ಯಾವ ಭಾಗಕ್ಕೆ ಮೊದಲು, ಯಾವ ಭಾಗಕ್ಕೆ ನಂತರ ವೆಚ್ಚ ಮಾಡಬೇಕೆಂಬುದನ್ನು ತಿಳಿಸುವುದು ಈ ಮಾಹಿತಿಯ ಉದ್ದೇಶವಾಗಿರುತ್ತದೆ.

1. ವೆಚ್ಚದ ಆದ್ಯತೆ

ಸಣ್ಣ ಕೊಟ್ಟಿಗೆಗೆ ಹಣವನ್ನು ಈ ಕೆಳಕಂಡ ಕ್ರಮದಲ್ಲಿ ವಿನಿಯೋಗಿಸುವುದು ಸೂಕ್ತ.

ಅ) ನೀರು ನಿಲ್ಲದ, ಎತ್ತರಿಸಿದ ಸ್ಥಳ.
ಆ) ಇಳಿಜಾರುಳ್ಳ ಗಟ್ಟಿ ನೆಲ ಮತ್ತು ಗಂಜಲದ ಕಾಲುವೆ.
ಇ) ಮಳೆ ಬಿಸಿಲನ್ನು ತಡೆಯುವ ಚಾವಣಿ.
ಈ) ಗೋದಲಿ ಮತ್ತು ಕುಡಿಯುವ ನೀರಿನ ತೊಟ್ಟಿ.
ಉ) ಅಗತ್ಯವಿರುವ ಕಡೆ ಮಾತ್ರ ಗೋಡೆ.

ಈ ಭಾಗದ ಹವಾಮಾನದಲ್ಲಿ ಬೆಳೆದ ದನಗಳಿಗೆ ಚಳಿಯಿಂದ ಆಗುವ ತೊಂದರೆ ಅಲ್ಪ. ಸೆಕೆ, ತೇವ ಮತ್ತು ಕೆಟ್ಟ ಗಾಳಿಯಿಂದ ಆಗುವ ತೊಂದರೆಯೇ ಹೆಚ್ಚು. ನಾಲ್ಕೂ ಕಡೆ ಮುಚ್ಚಿದ ಗೋಡೆಯು ಈ ಮೂರನ್ನೂ ಹೆಚ್ಚಿಸುತ್ತದೆ. ಅಲ್ಲದೆ ಗೋಡೆಯ ಬಿರುಕುಗಳು ಉಣ್ಣೆಗಳು ಅಡಗಿ ಮೊಟ್ಟೆಯಿಡುವ ತಾಣವಾಗುತ್ತವೆ. ಆದುದರಿಂದ ಗೋಡೆಯಲ್ಲಿ ಉಳಿಸಿದ ಹಣವನ್ನು ನೆಲಕ್ಕೆ ಹಾಕುವುದು ಲಾಭದಾಯಕ.

2. ಸ್ಥಳೀಯ ಪರಿಸ್ಥಿತಿ

ನಂಜನಗೂಡು ಪಟ್ಟಣವು ಕಬಿನಿ ಅಂದರೆ ಕಪಿಲಾ ನದಿಯ ದಡದಲ್ಲಿದೆ. ತಿ. ನರಸೀಪುರದಲ್ಲಿ ಕಬಿನಿಯು ಕಾವೇರಿಯನ್ನು ಸೇರುತ್ತದೆ. ಕಬಿನಿ ಬಲದಂಡೆ ನಾಲೆ, ವರುಣಾ ನಾಲೆ ಮತ್ತು ತಲಕಾಡು ಭಾಗದ ಮಾಧವಮಂತ್ರಿ ನಾಲೆಗಳ ಅಚ್ಚುಕಟ್ಟಿನಲ್ಲಿ ಭತ್ತ ಹಾಗೂ ಕಬ್ಬು ಪ್ರಮುಖ ಬೆಳೆಗಳು. ಇಂತಹ ಗದ್ದೆ ಬಯಲಿನ ಗ್ರಾಮಗಳಲ್ಲಿ ಅಂತರ್ಜಲ ಮೇಲಿರುವುದರಿಂದ ನೆಲವು ವರ್ಷದ ಹಲವು ತಿಂಗಳು ತೇವವಾಗಿರುತ್ತದೆ. ಮಳೆಯಾಶ್ರಿತ ಗ್ರಾಮಗಳಲ್ಲಿ ಕೆಂಪು ಮಣ್ಣು ಮತ್ತು ಕಪ್ಪು ಮಣ್ಣು ಎರಡೂ ಇವೆ. ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟು ಒಡೆಯುತ್ತದೆ.

2018 ಮತ್ತು 2019ರ ಮಳೆಗಾಲದಲ್ಲಿ ಕಬಿನಿ ಜಲಾಶಯದಿಂದ ಹೆಚ್ಚಿನ ನೀರು ಹೊರಬಿಟ್ಟ ಸಂದರ್ಭದಲ್ಲಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿ, ಮೈಸೂರು ನಂಜನಗೂಡು ರಸ್ತೆಯ ಸಂಚಾರವೂ ನಿಂತಿತ್ತು. ನಂಜನಗೂಡು ತಾಲ್ಲೂಕಿನ ಹೆಡಿಯಾಲ ಭಾಗವು ಬಂಡೀಪುರ ಅರಣ್ಯಕ್ಕೆ ಹೊಂದಿಕೊಂಡಿದ್ದು, ಅಲ್ಲಿ ಹುಲಿ ಚಿರತೆಗಳ ಭಯವಿದೆ. ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆಯಿಂದ 2023ರ ಜನವರಿಯವರೆಗೆ ಚಿರತೆ ದಾಳಿಯಿಂದ ಜನರೇ ಪ್ರಾಣ ಕಳೆದುಕೊಂಡ ಘಟನೆಗಳು ನಡೆದವು. ತೇವ, ಪ್ರವಾಹ ಮತ್ತು ಕಾಡುಪ್ರಾಣಿ ಈ ಮೂರನ್ನೂ ಗಮನದಲ್ಲಿಟ್ಟು ಕೊಟ್ಟಿಗೆಯನ್ನು ಯೋಜಿಸತಕ್ಕದ್ದು.

3. ಸ್ಥಳದ ಆಯ್ಕೆ

ಅ) ಸುತ್ತಲಿನ ನೆಲಕ್ಕಿಂತ ಎತ್ತರವಾದ ಜಾಗವನ್ನು ಆರಿಸಬೇಕು. ನದಿ ಅಥವಾ ನಾಲೆಯ ಸಮೀಪವಿರುವ ಗ್ರಾಮಗಳಲ್ಲಿ ಹಿಂದಿನ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಗ್ರಾಮದ ಹಿರಿಯರಿಂದ ತಿಳಿದು, ಆ ಗುರುತಿಗಿಂತ ಮೇಲೆ ಕಟ್ಟುವುದು ಕ್ಷೇಮ.

ಆ) ಕುಡಿಯುವ ನೀರಿನ ಬಾವಿ ಅಥವಾ ಕೊಳವೆ ಬಾವಿಯಿಂದ ಕೊಟ್ಟಿಗೆ ಹಾಗೂ ತಿಪ್ಪೆಗುಂಡಿಗೆ ಕನಿಷ್ಠ 15 ಮೀಟರ್ ಅಂತರವಿರಬೇಕು.

ಇ) ಕೊಟ್ಟಿಗೆಯ ಉದ್ದವು ಪೂರ್ವ ಪಶ್ಚಿಮವಾಗಿರಲಿ. ಆಗ ಸಂಜೆಯ ಬಿಸಿಲು ಮತ್ತು ಮುಂಗಾರಿನ ಎರಚಲು ಬೀಳುವ ಪಶ್ಚಿಮ ಬದಿಯು ಕಟ್ಟಡದ ಕಿರಿದಾದ ಬದಿಯಾಗುತ್ತದೆ. ಆ ಒಂದು ಬದಿಗೆ ಮಾತ್ರ ಗೋಡೆ ಕಟ್ಟಿದರೆ ಸಾಕಾಗುತ್ತದೆ.

ಈ) ಸರ್ಕಾರಿ ಖರಾಬು, ಕೆರೆಯಂಗಳ, ನಾಲೆಯ ಏರಿ ಹಾಗೂ ವಿದ್ಯುತ್ ತಂತಿಯ ಕೆಳಗೆ ಕೊಟ್ಟಿಗೆ ಕಟ್ಟಬಾರದು. ಇಂತಹ ಕಡೆ ಹಾಕಿದ ಹಣಕ್ಕೆ ಭದ್ರತೆ ಇರುವುದಿಲ್ಲ. ಸಹಾಯಧನಕ್ಕೂ ಸಾಮಾನ್ಯವಾಗಿ ಸ್ವಂತ ಜಾಗದ ದಾಖಲೆ ಬೇಕಾಗುತ್ತದೆ.

ಹಳೆಯ ಮನೆಗಳಲ್ಲಿ ದನಗಳನ್ನು ಮನೆಯೊಳಗೇ ಕಟ್ಟುವ ಪದ್ಧತಿ ಇತ್ತು. ಕಳ್ಳರು ಮತ್ತು ಕಾಡುಪ್ರಾಣಿಗಳ ಭಯದಿಂದ ಹುಟ್ಟಿದ ಈ ಪದ್ಧತಿ ಇಂದಿಗೂ ಕೆಲವೆಡೆ ಉಳಿದಿದೆ. ಹೊಗೆ, ತೇವ ಮತ್ತು ಸೊಳ್ಳೆಗಳಿಂದ ಮನೆಯವರಿಗೂ ದನಗಳಿಗೂ ತೊಂದರೆಯಾಗುವುದರಿಂದ, ಮನೆಯಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಪ್ರತ್ಯೇಕ ಕೊಟ್ಟಿಗೆ ಕಟ್ಟಿಕೊಳ್ಳುವುದು ಉತ್ತಮ.

4. ಅಗತ್ಯವಿರುವ ಸ್ಥಳಾವಕಾಶ

ಚಾವಣಿಯ ಕೆಳಗೆ ಒಂದು ಪ್ರಾಣಿಗೆ ಬೇಕಾಗುವ ಜಾಗ:

- ಹಸು ಅಥವಾ ಎತ್ತು: 3.5 ಚದರ ಮೀಟರ್
- ಎಮ್ಮೆ: 4 ಚದರ ಮೀಟರ್
- ಎಳೆಗರು: 1 ಚದರ ಮೀಟರ್
- ಈಯಲಿರುವ ಹಸು, ಪ್ರತ್ಯೇಕವಾಗಿ: 12 ಚದರ ಮೀಟರ್
- ಬೆಳೆದ ಕುರಿ: 1 ಚದರ ಮೀಟರ್
- ಕುದುರೆ, ಕಟ್ಟದೆ ಬಿಡುವ ಲಾಯ: ಸುಮಾರು 13 ಚದರ ಮೀಟರ್

ಹಸು, ಎಮ್ಮೆ ಹಾಗೂ ಕರುಗಳಿಗೆ ಚಾವಣಿಯ ಹೊರಗೆ ಇದರ ಎರಡರಷ್ಟು ಬಯಲು ಅಂಗಳ ದೊರೆತರೆ ಒಳ್ಳೆಯದು. ಮರದ ನೆರಳಿರುವ ಅಂಗಳವು ಖರ್ಚಿಲ್ಲದೆ ದೊರೆಯುವ ಕೊಟ್ಟಿಗೆಯೇ ಆಗಿರುತ್ತದೆ. ಹಗಲು ದನಗಳನ್ನು ಹೊಂಗೆ, ಹುಣಸೆ ಅಥವಾ ಬೇವಿನ ಮರದಡಿ ಕಟ್ಟುವ ಕುಟುಂಬಗಳು ರಾತ್ರಿ ಮತ್ತು ಮಳೆಯ ವೇಳೆಗಾಗಿ ಮಾತ್ರ ಸಣ್ಣ ಕೊಟ್ಟಿಗೆ ಮಾಡಿಕೊಂಡರೆ ಸಾಕು.

5. ಮಾದರಿ ಕೊಟ್ಟಿಗೆ: ಮೂರು ದನ, ಒಂದು ಕರು

ಒಂದು ಜೊತೆ ಎತ್ತು, ಒಂದು ಹಸು ಮತ್ತು ಒಂದು ಕರು ಇರುವ ಕುಟುಂಬಕ್ಕೆ 4.8 ಮೀಟರ್ ಉದ್ದ, 3.6 ಮೀಟರ್ ಅಗಲ (16 ಅಡಿ ಮತ್ತು 12 ಅಡಿ) ಅಳತೆಯ ಕೊಟ್ಟಿಗೆ ಸಾಕಾಗುತ್ತದೆ.

ಉದ್ದದಲ್ಲಿ: ಪ್ರತಿ ದನಕ್ಕೆ 1.2 ಮೀಟರ್‌ನಂತೆ ಮೂರಕ್ಕೆ 3.6 ಮೀಟರ್, ಕರುವಿನ ಮನೆಗೆ 1.2 ಮೀಟರ್.

ಅಗಲದಲ್ಲಿ, ಉತ್ತರದಿಂದ ದಕ್ಷಿಣಕ್ಕೆ: ಗೋದಲಿ 0.6 ಮೀಟರ್, ದನ ನಿಲ್ಲುವ ಜಾಗ 1.7 ಮೀಟರ್, ಗಂಜಲದ ಕಾಲುವೆ 0.3 ಮೀಟರ್, ಓಡಾಡುವ ದಾರಿ 1 ಮೀಟರ್.

ಗೋದಲಿಯು ಹೊರ ಅಂಚಿನಲ್ಲಿರುವುದರಿಂದ ಮೇವನ್ನು ಹೊರಗಿನಿಂದಲೇ ಹಾಕಬಹುದು. ದನ ನಿಲ್ಲುವ ಜಾಗವನ್ನು 1.7 ಮೀಟರ್‌ಗಿಂತ ಹೆಚ್ಚು ಉದ್ದ ಮಾಡಿದಲ್ಲಿ ಸಗಣಿ ಕಾಲುವೆಗೆ ಬೀಳದೆ ದನ ಮಲಗುವ ಕಡೆಯೇ ಬೀಳುತ್ತದೆ. ಬಹಳ ಕಿರಿದಾದರೆ ದನದ ಹಿಂಗಾಲು ಕಾಲುವೆಯಲ್ಲಿ ನಿಲ್ಲುತ್ತದೆ. ಸುತ್ತೂರು ಮತ್ತು ಮುಡುಕುತೊರೆ ಜಾತ್ರೆಗಳಲ್ಲಿ ದೊಡ್ಡ ಹಳ್ಳಿಕಾರ್ ಎತ್ತುಗಳನ್ನು ಕೊಂಡು ತರುವ ರೈತರು ತಮ್ಮ ಎತ್ತಿನ ಉದ್ದವನ್ನು ಅಳೆದು, ಅಗತ್ಯವಿದ್ದಲ್ಲಿ ಈ ಅಳತೆಯನ್ನು ಕೊಂಚ ಹೊಂದಿಸಿಕೊಳ್ಳಬಹುದು.

6. ನೆಲ ಮತ್ತು ಗಂಜಲದ ಕಾಲುವೆ

ಮೊದಲು ಮೇಲ್ಮಣ್ಣನ್ನು ತೆಗೆಯಬೇಕು. ಕಪ್ಪು ಮಣ್ಣಿದ್ದಲ್ಲಿ ಸುಮಾರು 45 ಸೆಂ.ಮೀ. ಆಳದವರೆಗೆ ತೆಗೆದು ಗರಸು ಮಣ್ಣನ್ನು ತುಂಬಬೇಕು. ನಂತರ ಸುತ್ತಲಿನ ನೆಲಕ್ಕಿಂತ ಕನಿಷ್ಠ 30 ಸೆಂ.ಮೀ. ಎತ್ತರಕ್ಕೆ ಗರಸು ಮತ್ತು ಒರಟು ಕಲ್ಲನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ದಿಮ್ಮಸು ಮಾಡಬೇಕು. ಗದ್ದೆ ಬಯಲಿನಲ್ಲಿ ಈ ಎತ್ತರ 45 ಸೆಂ.ಮೀ. ಇರಲಿ.

ವೆಚ್ಚ ಉಳಿಸಲು ಕೊಟ್ಟಿಗೆಯ ಪೂರ್ತಿ ನೆಲಕ್ಕೆ ಕಾಂಕ್ರೀಟು ಹಾಕಬೇಕಾಗಿಲ್ಲ. ದನ ನಿಲ್ಲುವ ಜಾಗ ಮತ್ತು ಕಾಲುವೆಗೆ ಮಾತ್ರ ಹಾಕಿ, ಓಡಾಡುವ ದಾರಿಗೆ ಕಲ್ಲು ಚಪ್ಪಡಿ ಅಥವಾ ದಿಮ್ಮಸು ಮಾಡಿದ ಗರಸು ಬಳಸಬಹುದು. ಮಾದರಿ ಕೊಟ್ಟಿಗೆಯ ಒಟ್ಟು 17.28 ಚದರ ಮೀಟರ್‌ಗೆ 10 ಸೆಂ.ಮೀ. ದಪ್ಪದ ಕಾಂಕ್ರೀಟು ಹಾಕಲು ಸುಮಾರು 11 ಮೂಟೆ ಸಿಮೆಂಟು ಬೇಕು. ನಿಲ್ಲುವ ಜಾಗ ಮತ್ತು ಕಾಲುವೆ ಸೇರಿ 9.6 ಚದರ ಮೀಟರ್‌ಗೆ ಮಾತ್ರ ಹಾಕಿದಲ್ಲಿ 6 ಮೂಟೆ ಸಾಕು. ಮಿಶ್ರಣವು 1 ಭಾಗ ಸಿಮೆಂಟು, 2 ಭಾಗ ಮರಳು, 4 ಭಾಗ ಜಲ್ಲಿ ಇರಬೇಕು.

ಗಮನಿಸಬೇಕಾದ ಅಂಶಗಳು:

ಅ) ಗೋದಲಿಯಿಂದ ಕಾಲುವೆಯ ಕಡೆಗೆ 1.7 ಮೀಟರ್‌ಗೆ 4 ಸೆಂ.ಮೀ. ಇಳಿಜಾರು ಇರಬೇಕು. ಇದಕ್ಕಿಂತ ಹೆಚ್ಚಾದರೆ ಗಬ್ಬದ ಹಸುಗಳಿಗೆ ತೊಂದರೆ. ಕಡಿಮೆಯಾದರೆ ಗಂಜಲ ನಿಲ್ಲುತ್ತದೆ.

ಆ) ಕಾಲುವೆಯು ಪಶ್ಚಿಮದ ತುದಿಯಲ್ಲಿ 4 ಸೆಂ.ಮೀ. ಆಳವಿದ್ದು, ಪೂರ್ವದ ತುದಿಗೆ 12 ಸೆಂ.ಮೀ. ಆಗುವಂತೆ ಸಾಗಬೇಕು. ತಳವು ದುಂಡಗಿದ್ದರೆ ಪೊರಕೆಯಿಂದ ಗುಡಿಸಲು ಸುಲಭ. ಕರುವಿನ ಮನೆಯನ್ನು ಪಶ್ಚಿಮದ ತುದಿಯಲ್ಲಿಟ್ಟರೆ ದೊಡ್ಡ ದನಗಳ ಗಂಜಲ ಕರುವಿನ ಕಡೆ ಹರಿಯುವುದಿಲ್ಲ.

ಇ) ಕಾಂಕ್ರೀಟಿನ ಮೇಲ್ಮೈಯನ್ನು ನುಣುಪು ಮಾಡಬಾರದು. ಹಸಿಯಿರುವಾಗಲೇ ಕಡ್ಡಿ ಪೊರಕೆ ಎಳೆದು ಒರಟು ಮಾಡಬೇಕು. ನುಣುಪಾದ ನೆಲದಲ್ಲಿ ಜಾರಿ ಬಿದ್ದು ಸೊಂಟ ಮುರಿದ ಹಸುವನ್ನು ಉಳಿಸಿಕೊಳ್ಳುವುದು ಕಷ್ಟಸಾಧ್ಯ.

ಈ) ಕಾಂಕ್ರೀಟಿಗೆ ಕನಿಷ್ಠ 7 ರಿಂದ 10 ದಿನ ನೀರು ಹಾಕಬೇಕು. ಎರಡು ಮೂರು ವಾರ ಕಳೆದ ನಂತರವೇ ದನಗಳನ್ನು ಕಟ್ಟಬೇಕು.

ಉ) ಕಾಲುವೆಯ ತುದಿಯಲ್ಲಿ ಸಿಮೆಂಟ್ ಬಳೆ ಅಥವಾ ಕಲ್ಲು ಕಟ್ಟಿದ ಗಂಜಲ ಗುಂಡಿಯನ್ನು ಮುಚ್ಚಳ ಸಹಿತ ಮಾಡಬೇಕು. ಚಾವಣಿಯ ಮಳೆನೀರು ಇದಕ್ಕೆ ಸೇರಬಾರದು.

ಸಿಮೆಂಟಿಗೂ ಹಣವಿಲ್ಲದಿದ್ದಲ್ಲಿ ಕಲ್ಲು ಚಪ್ಪಡಿಗಳನ್ನು ಹಾಸಿ, ಸಂದುಗಳಿಗೆ ಮಾತ್ರ ಗಾರೆ ತುಂಬಬಹುದು. ನುಣುಪಾದ ಚಪ್ಪಡಿಯನ್ನು ಉಳಿಯಿಂದ ಕಚ್ಚು ಹಾಕಿಸಬೇಕು. ಅದೂ ಆಗದಿದ್ದಲ್ಲಿ ದಿಮ್ಮಸು ಮಾಡಿದ ಗರಸು ನೆಲದಲ್ಲಿ ಇದೇ ಇಳಿಜಾರು ಉಳಿಸಿ, ಭತ್ತದ ಹುಲ್ಲು ಅಥವಾ ಕಬ್ಬಿನ ತರಗನ್ನು ಹಾಸಿ ದಿನವೂ ಬದಲಾಯಿಸಬೇಕು. ಒಂದು ಹಸು ದಿನಕ್ಕೆ ಸುಮಾರು 10 ರಿಂದ 15 ಕೆ.ಜಿ. ಸಗಣಿ ಹಾಕುತ್ತದೆ. ಗಂಜಲ ಹೀರಿದ ಹಾಸು ತಿಪ್ಪೆಗೆ ಸೇರಿದರೆ ಗೊಬ್ಬರದ ಸತ್ವ ಹೆಚ್ಚುತ್ತದೆ. ಹೀಗೆ ನೆಲಕ್ಕೆ ಹಾಕಿದ ಹಣದಲ್ಲಿ ಒಂದು ಭಾಗ ಹೊಲದಲ್ಲಿ ಹಿಂದಿರುಗುತ್ತದೆ.

7. ಕಂಬ ಮತ್ತು ಚಾವಣಿ

ಮಾದರಿ ಕೊಟ್ಟಿಗೆಗೆ ಮೂರು ಮೂರರಂತೆ ಎರಡು ಸಾಲಿನಲ್ಲಿ ಆರು ಕಂಬಗಳು ಸಾಕು. ಉತ್ತರದ ಸಾಲು ನೆಲದಿಂದ 2.8 ಮೀಟರ್, ದಕ್ಷಿಣದ ಸಾಲು 2.2 ಮೀಟರ್ ಎತ್ತರವಿದ್ದರೆ ಒಂದೇ ಕಡೆ ಇಳಿಯುವ ಚಾವಣಿಯಾಗುತ್ತದೆ. ಕಂಬಗಳನ್ನು ಕನಿಷ್ಠ 75 ಸೆಂ.ಮೀ. ಆಳಕ್ಕೆ ಹೂಳಬೇಕು. ಕಲ್ಲುಕಂಬಕ್ಕೆ ತೇವ ಮತ್ತು ಗೆದ್ದಲಿನ ಬಾಧೆ ಇಲ್ಲ. ಸರ್ವೆ ಅಥವಾ ನೀಲಗಿರಿ ಕಂಬವಾದಲ್ಲಿ ಹೂಳುವ ಭಾಗಕ್ಕೆ ಮತ್ತು ನೆಲದಿಂದ ಒಂದು ಅಡಿ ಮೇಲಿನವರೆಗೆ ಡಾಂಬರು ಬಳಿಯಬೇಕು.

ಸೂರು ನಾಲ್ಕೂ ಕಡೆ 60 ಸೆಂ.ಮೀ. ಹೊರಚಾಚಿರಬೇಕು. ಆಗ ಚಾವಣಿಯ ವಿಸ್ತೀರ್ಣ ಸುಮಾರು 29 ಚದರ ಮೀಟರ್ ಆಗುತ್ತದೆ. ಚಾವಣಿಯ ಸಾಮಗ್ರಿಗಳ ಗುಣಾವಗುಣಗಳು ಹೀಗಿವೆ.

ತೆಂಗಿನ ಗರಿ ಅಥವಾ ಕಬ್ಬಿನ ಸೋಗೆ: ಮೊದಲ ವೆಚ್ಚ ಅತಿ ಕಡಿಮೆ, ಒಳಗೆ ತಂಪು. ಒಂದೆರಡು ವರ್ಷಕ್ಕೊಮ್ಮೆ ಹೊಸದಾಗಿ ಹೊದಿಸಬೇಕು. ಬೆಂಕಿಯ ಅಪಾಯವಿದೆ. ನೀರು ಸೋರದಂತೆ ಕಡಿದಾದ ಇಳಿಜಾರು ಬೇಕು.

ಮಂಗಳೂರು ಹೆಂಚು: ತಂಪು ಮತ್ತು ದೀರ್ಘ ಬಾಳಿಕೆ. ಎರಡು ಕಡೆ ಇಳಿಯುವ ಕಡಿದಾದ ಚಾವಣಿ ಹಾಗೂ ಹೆಚ್ಚು ಮರ ಬೇಕು. ಮಾದರಿ ಕೊಟ್ಟಿಗೆಗೆ ಸುಮಾರು 500 ಹೆಂಚು ಹಿಡಿಯುತ್ತದೆ. ಗ್ರಾಮಗಳಲ್ಲಿ ಹಳೆಯ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವವರಿಂದ ಹೆಂಚು, ತೊಲೆ, ರೀಪುಗಳನ್ನು ಕೊಂಡರೆ ವೆಚ್ಚ ಬಹಳಷ್ಟು ತಗ್ಗುತ್ತದೆ.

ತಗಡಿನ ಹಾಳೆ: ಹಗುರ, ಬೇಗ ಹೊದಿಸಬಹುದು, ಕಂಬ ಮತ್ತು ಮರದ ಖರ್ಚು ಕಡಿಮೆ. 16 ಅಡಿ ಉದ್ದದ, ಒಂದರ ಮೇಲೊಂದು ಕೂರುವ ಭಾಗ ಕಳೆದು 1 ಮೀಟರ್ ಅಗಲ ಹೊದಿಸುವ 6 ಹಾಳೆಗಳು ಸಾಕು. ಬೇಸಿಗೆಯಲ್ಲಿ ಬಹಳ ಕಾಯುತ್ತದೆ. ಮೇಲೆ ಸುಣ್ಣ ಅಥವಾ ಬಿಳಿ ಬಣ್ಣ ಬಳಿಯುವುದರಿಂದಲೂ, ಮಾರ್ಚ್‌ನಿಂದ ಮೇ ತಿಂಗಳವರೆಗೆ ಮೇಲೆ ತೆಂಗಿನ ಗರಿ ಹೊದಿಸಿ ಹಗ್ಗದಿಂದ ಬಿಗಿಯುವುದರಿಂದಲೂ ಕಾವು ತಗ್ಗುತ್ತದೆ. ಮಿಶ್ರತಳಿ ಹಸುಗಳು ಸೆಕೆಯಲ್ಲಿ ಮೇವು ಬಿಟ್ಟು ಹಾಲು ಇಳಿಸುವುದರಿಂದ ಈ ಸಣ್ಣ ಖರ್ಚನ್ನು ತಪ್ಪಿಸಬಾರದು.

ಕಲ್ನಾರಿನ ಹಾಳೆ: ಇದನ್ನು ಕೊಯ್ಯುವಾಗ ಮತ್ತು ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರ. ಹೊಸ ಕೊಟ್ಟಿಗೆಗೆ ಬಳಸದಿರುವುದು ಲೇಸು.

ಯಾವುದು ಅಗ್ಗವೆಂದು ನಿರ್ಧರಿಸುವಾಗ ಕೊಳ್ಳುವ ಬೆಲೆಯೊಂದನ್ನೇ ನೋಡಬಾರದು. ಪ್ರತಿ ಸಾಮಗ್ರಿಯ ಒಟ್ಟು ವೆಚ್ಚವನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿ, ಪ್ರತಿ ವರ್ಷದ ದುರಸ್ತಿಯನ್ನು ಕೂಡಿಸಿದರೆ ನಿಜವಾದ ವಾರ್ಷಿಕ ವೆಚ್ಚ ತಿಳಿಯುತ್ತದೆ. ಸ್ವಂತ ತೋಟದ ಗರಿ ಮತ್ತು ಮನೆಯವರ ದುಡಿಮೆ ಇರುವ ಕುಟುಂಬಕ್ಕೆ ಸೋಗೆಯೇ ಅಗ್ಗವಾಗಬಹುದು. ಗರಿಯನ್ನೂ ಕೂಲಿಯನ್ನೂ ಹಣ ಕೊಟ್ಟು ಕೊಳ್ಳುವವರಿಗೆ ಕೆಲವೇ ವರ್ಷಗಳಲ್ಲಿ ತಗಡು ಅಥವಾ ಹಳೆಯ ಹೆಂಚು ಅಗ್ಗವಾಗುತ್ತದೆ.

8. ಗೋಡೆ ಮತ್ತು ಕಾಡುಪ್ರಾಣಿಗಳಿಂದ ರಕ್ಷಣೆ

ಪಶ್ಚಿಮ ಬದಿಗೆ 1.2 ರಿಂದ 1.5 ಮೀಟರ್ ಎತ್ತರದ ಸೈಜುಗಲ್ಲು, ಇಟ್ಟಿಗೆ ಅಥವಾ ಮಣ್ಣಿನ ಗೋಡೆ ಕಟ್ಟಿ, ಅದರ ಮೇಲೆ ಬಿದಿರಿನ ತಟ್ಟಿ ಕಟ್ಟಬೇಕು. ಉಳಿದ ಬದಿಗಳು ತೆರೆದಿರಲಿ. ಹಿಂಗಾರು ಮಳೆಯ ಎರಚಲು ಪೂರ್ವದಿಂದ ಬರುವಾಗ ಇಳಿಬಿಡಲು ಗೋಣಿತಾಟಿನ ಪರದೆ ಸಾಕು.

ಚಿರತೆಯ ಭಯವಿರುವ ಗ್ರಾಮಗಳಲ್ಲಿ ತೆರೆದ ಕೊಟ್ಟಿಗೆ ಸುರಕ್ಷಿತವೇ ಎಂಬ ಸಂದೇಹ ಸಹಜ. ಚಿರತೆಯು ಸಾಮಾನ್ಯವಾಗಿ ಕರು, ಕುರಿ, ಮೇಕೆ ಮತ್ತು ನಾಯಿಗಳನ್ನು ಹಿಡಿಯುತ್ತದೆ. ಬೆಳೆದ ಎತ್ತು ಎಮ್ಮೆಗಳ ಮೇಲೆ ಬೀಳುವುದು ವಿರಳ. ಆದುದರಿಂದ ಪೂರ್ತಿ ಕೊಟ್ಟಿಗೆಗೆ ಗೋಡೆ ಕಟ್ಟುವ ಬದಲು ಕರುವಿನ ಮನೆಯನ್ನು ಮಾತ್ರ ನೆಲದಿಂದ ಚಾವಣಿಯವರೆಗೆ ಗಟ್ಟಿ ಕಬ್ಬಿಣದ ಜಾಲರಿಯಿಂದ ಮುಚ್ಚಿ, ಅಗುಳಿಯುಳ್ಳ ಬಾಗಿಲು ಹಾಕಿದಲ್ಲಿ ಅಲ್ಪ ವೆಚ್ಚದಲ್ಲಿ ರಕ್ಷಣೆ ದೊರೆಯುತ್ತದೆ. ಜಾಲರಿಯಿಂದ ಗಾಳಿಗೂ ಅಡ್ಡಿಯಿಲ್ಲ. ಮೇಲ್ಭಾಗ ತೆರೆದ ಬೇಲಿಯನ್ನು ಚಿರತೆ ಸುಲಭವಾಗಿ ಹಾರುತ್ತದೆ ಎಂಬುದನ್ನು ಮರೆಯಬಾರದು. ಕೊಟ್ಟಿಗೆಯ ಸುತ್ತ 10 ಮೀಟರ್‌ವರೆಗೆ ಪೊದೆಗಳನ್ನು ಕಡಿದು, ರಾತ್ರಿ ಒಂದು ದೀಪ ಉರಿಸಬೇಕು. ಕಬ್ಬಿನ ಗದ್ದೆಗೆ ತಾಗಿ ಕೊಟ್ಟಿಗೆ ಕಟ್ಟಬಾರದು.

ಹುಲಿ ಸಂಚರಿಸುವ ಕಾಡಂಚಿನ ಗ್ರಾಮಗಳಲ್ಲಿ ಬೆಳೆದ ದನಗಳಿಗೂ ಅಪಾಯವಿರುವುದರಿಂದ, ಅಲ್ಲಿ ತೆರೆದ ಬದಿಗಳೆಲ್ಲಕ್ಕೂ ಜಾಲರಿ ಹಾಕಿ ರಾತ್ರಿ ಬಾಗಿಲು ಮುಚ್ಚುವುದು ಅವಶ್ಯಕ.

ಕಾಡುಪ್ರಾಣಿಯಿಂದ ಜಾನುವಾರು ಸತ್ತಲ್ಲಿ ಅರಣ್ಯ ಇಲಾಖೆಯಿಂದ ಪರಿಹಾರ ಪಡೆಯಲು ಅವಕಾಶವಿದೆ. ಅಧಿಕಾರಿಗಳ ಪರಿಶೀಲನೆಗೆ ಮುನ್ನ ಕಳೇಬರವನ್ನು ಸ್ಥಳದಿಂದ ತೆಗೆಯಬಾರದು.

9. ಗೋದಲಿ ಮತ್ತು ನೀರಿನ ತೊಟ್ಟಿ

ಗೋದಲಿಯ ತಳವು ದನ ನಿಲ್ಲುವ ನೆಲಕ್ಕಿಂತ 15 ರಿಂದ 20 ಸೆಂ.ಮೀ. ಎತ್ತರದಲ್ಲಿಯೂ, ದನದ ಕಡೆಯ ಅಂಚು 50 ಸೆಂ.ಮೀ. ಎತ್ತರದಲ್ಲಿಯೂ ಇರಬೇಕು. ಒಳಮೂಲೆಗಳನ್ನು ದುಂಡಗೆ ಮಾಡಿದರೆ ಹಳಸಿದ ಮೇವು ಉಳಿಯುವುದಿಲ್ಲ. ಸೈಜುಗಲ್ಲು ಅಥವಾ ಹಳೆಯ ಚಪ್ಪಡಿಗಳಿಂದ ಗೋದಲಿ ಕಟ್ಟಿ ಒಳಗೆ ಮಾತ್ರ ಗಾರೆ ಮಾಡುವುದು ಅಗ್ಗದ ವಿಧಾನ. ಒಂದು ಹಸುವಿಗೆ ದಿನಕ್ಕೆ 40 ರಿಂದ 60 ಲೀಟರ್ ನೀರು ಬೇಕಾಗುತ್ತದೆ. ಕರೆಯುವ ಹಸುವಿಗೆ ಬೇಸಿಗೆಯಲ್ಲಿ ಇನ್ನೂ ಹೆಚ್ಚು ಬೇಕು. ತೊಟ್ಟಿಯನ್ನು ನೆರಳಿನಲ್ಲಿಟ್ಟು ವಾರಕ್ಕೊಮ್ಮೆ ಒಳಗೆ ಸುಣ್ಣ ಬಳಿಯಬೇಕು.

10. ಸಾಮಗ್ರಿಗಳ ಅಂದಾಜು ಪಟ್ಟಿ

ಬೆಲೆಗಳು ಊರಿಂದೂರಿಗೆ ಮತ್ತು ಕಾಲಕಾಲಕ್ಕೆ ಬದಲಾಗುವುದರಿಂದ ಇಲ್ಲಿ ಪ್ರಮಾಣವನ್ನು ಮಾತ್ರ ನೀಡಲಾಗಿದೆ. ಪ್ರತಿಯೊಂದರ ಮುಂದೆ ಸ್ಥಳೀಯ ದರ ಬರೆದು ಗುಣಿಸಿಕೊಳ್ಳುವುದು.

- ಗರಸು ಮತ್ತು ಒರಟು ಕಲ್ಲು: ಸುಮಾರು 5 ಘನ ಮೀಟರ್ (ಎರಡು ಟ್ರ್ಯಾಕ್ಟರ್ ಲೋಡು)
- ಸಿಮೆಂಟು: ನೆಲ ಮತ್ತು ಕಾಲುವೆಗೆ 6 ಮೂಟೆ, ಗೋದಲಿ ಗಾರೆಗೆ 2 ಮೂಟೆ
- ಕಾಂಕ್ರೀಟಿಗೆ ಮರಳು: 15 ಘನ ಅಡಿ
- ಕಾಂಕ್ರೀಟಿಗೆ ಜಲ್ಲಿ: 30 ಘನ ಅಡಿ
- ಕಂಬ: 10 ಅಡಿಯವು 3, 12 ಅಡಿಯವು 3
- ಇಳಿಜಾರಿನ ಉದ್ದಕ್ಕೆ ಹಾಕುವ 16 ಅಡಿಯ ಮರ ಅಥವಾ ಪೈಪು: 3
- ಅಡ್ಡಪಟ್ಟಿ: 6 ಮೀಟರ್ ಉದ್ದದ 5 ಸಾಲು
- ಚಾವಣಿ: 29 ಚದರ ಮೀಟರ್ (315 ಚದರ ಅಡಿ)
- ಪಶ್ಚಿಮದ ಗೋಡೆ ಮತ್ತು ಗೋದಲಿಯ ಕಲ್ಲು: ಸ್ಥಳೀಯ ಅಳತೆಯಂತೆ
- ಕರುವಿನ ಮನೆಗೆ ಜಾಲರಿ ಮತ್ತು ಬಾಗಿಲು
- ಗೂಲಿ: ಮನೆಯವರ ದುಡಿಮೆ ಮತ್ತು ಹೊರಗಿನವರ ಕೂಲಿಯನ್ನು ಪ್ರತ್ಯೇಕವಾಗಿ ಬರೆದುಕೊಳ್ಳುವುದು

ಎಲ್ಲವನ್ನೂ ಒಂದೇ ವರ್ಷ ಮಾಡಲು ಹಣವಿಲ್ಲದಿದ್ದಲ್ಲಿ ಮೂರು ಹಂತಗಳಲ್ಲಿ ಮಾಡಬಹುದು. ಮೊದಲ ವರ್ಷ ನೆಲ ಎತ್ತರಿಸಿ, ಇಳಿಜಾರು ಕೊಟ್ಟು, ಕಂಬ ನೆಟ್ಟು, ಸೋಗೆ ಹೊದಿಸುವುದು. ಎರಡನೆಯ ವರ್ಷ ಕಾಂಕ್ರೀಟು, ಕಾಲುವೆ ಮತ್ತು ಗೋದಲಿ. ಮೂರನೆಯ ವರ್ಷ ಕಾಯಂ ಚಾವಣಿ ಮತ್ತು ಪಶ್ಚಿಮದ ಗೋಡೆ. ಚಿರತೆ ಅಥವಾ ಹುಲಿಯ ಭಯವಿರುವ ಕಡೆ ಜಾಲರಿಯ ಕೆಲಸ ಮೊದಲ ವರ್ಷವೇ ಆಗಬೇಕು. ಕಂಬಗಳನ್ನು ಮೊದಲೇ ಸರಿಯಾದ ಅಳತೆಯಲ್ಲಿ ನೆಟ್ಟರೆ ಮುಂದಿನ ಹಂತಗಳಲ್ಲಿ ಯಾವುದನ್ನೂ ಕೀಳಬೇಕಾಗಿಲ್ಲ.

11. ಕುದುರೆ ಮತ್ತು ಕುರಿಗಳಿಗೆ ಇದೇ ಮಾದರಿಯ ಬಳಕೆ

ಗಾಡಿ ಅಥವಾ ಸವಾರಿಗಾಗಿ ಒಂದು ಕುದುರೆ ಸಾಕುವವರು ಇದೇ ಅಳತೆಯ ಕಟ್ಟಡವನ್ನು ಲಾಯವಾಗಿ ಮಾಡಿಕೊಳ್ಳಬಹುದು. 3.6 ಮೀಟರ್ ಚೌಕದ ಭಾಗ ಕುದುರೆಗೆ, ಉಳಿದ 1.2 ಮೀಟರ್ ಭಾಗ ಮೇವು ಮತ್ತು ಜೀನು ಇಡಲು ಸಾಕಾಗುತ್ತದೆ. ಆದರೆ ದನದ ಕೊಟ್ಟಿಗೆಗೂ ಲಾಯಕ್ಕೂ ಕೆಲವು ಮುಖ್ಯ ವ್ಯತ್ಯಾಸಗಳಿವೆ.

ಅ) ಕುದುರೆ ತಲೆ ಎತ್ತಿ ನಿಲ್ಲುವುದರಿಂದಲೂ, ಬೆದರಿದಾಗ ಮುಂಗಾಲು ಎತ್ತುವುದರಿಂದಲೂ ಕಂಬಗಳು 60 ಸೆಂ.ಮೀ. ಹೆಚ್ಚು ಎತ್ತರವಿರಬೇಕು. ಬಾಗಿಲು ಕನಿಷ್ಠ 1.2 ಮೀಟರ್ ಅಗಲವಿರಬೇಕು.

ಆ) ಕುದುರೆ ಹೊರಳಾಡುವ ಪ್ರಾಣಿ. ಇಕ್ಕಟ್ಟಾದ ಜಾಗದಲ್ಲಿ ಹೊರಳಿ ಗೋಡೆಗೆ ಕಾಲು ಸಿಕ್ಕಿಕೊಂಡರೆ ತಾನಾಗಿ ಏಳಲಾರದು. ಆದುದರಿಂದ ಲಾಯದಲ್ಲಿ ಕಾಲುವೆ, ಎತ್ತರದ ಗೋದಲಿಯ ಚೂಪು ಅಂಚು ಇರಬಾರದು. ನೆಲಕ್ಕೆ ಹುಲ್ಲಿನ ದಪ್ಪ ಹಾಸು ಬೇಕು.

ಇ) ಮುಳ್ಳುತಂತಿಯನ್ನು ಎಲ್ಲಿಯೂ ಬಳಸಬಾರದು. ಬೂಷ್ಟು ಹಿಡಿದ, ಧೂಳಿನ ಹುಲ್ಲು ಕುದುರೆಯ ಉಸಿರಾಟಕ್ಕೆ ಹಾನಿಕರ.

ತಿ. ನರಸೀಪುರ ತಾಲ್ಲೂಕಿನ ಬನ್ನೂರು ಭಾಗದ ಕುರಿಗಳು ಹೆಸರಾಂತ ತಳಿಯಾಗಿವೆ. ಇದೇ ಕಟ್ಟಡದಲ್ಲಿ ಸುಮಾರು 15 ಕುರಿಗಳನ್ನು ಇರಿಸಬಹುದು. ಕುರಿಗಳಿಗೆ ಕಾಂಕ್ರೀಟು ನೆಲಕ್ಕಿಂತ ಒಣಗಿದ ಗರಸು ನೆಲ ಅಥವಾ ಸಂದು ಬಿಟ್ಟ ಹಲಗೆಗಳ ಅಟ್ಟಣೆ ಉತ್ತಮ. ಕುರಿಗಳ ಸುತ್ತ ಜಾಲರಿ ಕಡ್ಡಾಯವೆಂದೇ ತಿಳಿಯಬೇಕು.

12. ಅಪಾಯಗಳ ತಡೆ

ಪ್ರವಾಹ: ಪ್ರವಾಹದಲ್ಲಿ ಕಟ್ಟಿದ ದನ ಈಜಲಾರದು. ಕಣ್ಣಿಯನ್ನು ಕತ್ತಲೆಯಲ್ಲಿಯೂ ಒಂದೇ ಎಳೆತಕ್ಕೆ ಬಿಚ್ಚುವಂತಹ ಗಂಟಿನಿಂದ ಕಟ್ಟಬೇಕು. ಜಲಾಶಯದಿಂದ ನೀರು ಬಿಡುವ ಮುನ್ಸೂಚನೆ ಬಂದ ದಿನವೇ ದನಗಳನ್ನು ಎತ್ತರದ ಜಾಗಕ್ಕೆ ಹೊಡೆದುಕೊಂಡು ಹೋಗಬೇಕು. ಮಳೆಗಾಲಕ್ಕೆ ಮುನ್ನ ಗಳಲೆ ರೋಗದ ಲಸಿಕೆ ಹಾಕಿಸಬೇಕು.

ಬೆಂಕಿ: ಹುಲ್ಲಿನ ಮೆದೆಯು ಕೊಟ್ಟಿಗೆಯಿಂದ ಕನಿಷ್ಠ 10 ಮೀಟರ್ ದೂರವಿರಲಿ. ಸೊಳ್ಳೆಗಾಗಿ ಹೊಗೆ ಹಾಕುವ ಮಡಕೆಯನ್ನು ಸೋಗೆ ಚಾವಣಿಯ ಕೆಳಗೆ ಇಟ್ಟು ಮಲಗಬಾರದು.

ವಿದ್ಯುತ್: ತಗಡಿನ ಚಾವಣಿಗೆ ಅಥವಾ ಕಬ್ಬಿಣದ ಕಂಬಕ್ಕೆ ತಂತಿಯನ್ನು ನೇರವಾಗಿ ಸುತ್ತಬಾರದು. ತಂತಿ ಪ್ಲಾಸ್ಟಿಕ್ ಕೊಳವೆಯೊಳಗೆ, ದನದ ಬಾಯಿಗೆ ಎಟುಕದಂತೆ ಇರಬೇಕು. ದನಗಳು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿರುವುದರಿಂದ ಅಲ್ಪ ಸೋರಿಕೆಯೂ ಪ್ರಾಣಾಂತಿಕವಾಗುತ್ತದೆ.

ರೋಗ: 2022ರಲ್ಲಿ ರಾಜ್ಯದಲ್ಲಿ ಹರಡಿದ ಚರ್ಮಗಂಟು ರೋಗವು ಸೊಳ್ಳೆ, ನೊಣ ಮತ್ತು ಉಣ್ಣೆಗಳ ಮೂಲಕ ಹರಡುವಂತಹುದು. ಒಣ ನೆಲ ಮತ್ತು ಮುಚ್ಚಿದ ಗಂಜಲ ಗುಂಡಿ ಇರುವ ಕೊಟ್ಟಿಗೆಯಲ್ಲಿ ಇವುಗಳ ಸಂತತಿ ಕಡಿಮೆಯಾಗುತ್ತದೆ. ಆದರೂ ಲಸಿಕೆಗೆ ಇದು ಬದಲಿಯಲ್ಲ.

13. ಸಾಲ ಮತ್ತು ನೆರವು

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯಡಿ ದನದ ಕೊಟ್ಟಿಗೆ ಹಾಗೂ ಕುರಿ ಮೇಕೆ ದೊಡ್ಡಿಗಳನ್ನು ಅರ್ಹ ಕುಟುಂಬಗಳಿಗೆ ವೈಯಕ್ತಿಕ ಕಾಮಗಾರಿಯಾಗಿ ನಿರ್ಮಿಸಿಕೊಳ್ಳಲು ಅವಕಾಶ ನೀಡಲಾಗಿತ್ತು. ಉದ್ಯೋಗ ಯೋಜನೆಗಳ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಪ್ರಸ್ತುತ ದೊರೆಯುವ ನೆರವು ಮತ್ತು ಅರ್ಹತೆಯನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಮಂಜೂರಾತಿಗೆ ಮುನ್ನ ಕೆಲಸ ಆರಂಭಿಸಿದಲ್ಲಿ ಸಹಾಯಧನ ಕೈತಪ್ಪುವ ಸಂಭವವಿರುತ್ತದೆ. ಖಾಲಿ ಜಾಗ, ಅರ್ಧ ಕೆಲಸ ಮತ್ತು ಪೂರ್ಣ ಕೆಲಸ ಈ ಮೂರರ ಭಾವಚಿತ್ರ ಹಾಗೂ ಕೊಂಡ ಸಾಮಗ್ರಿಗಳ ರಸೀದಿಗಳನ್ನು ಇಟ್ಟುಕೊಳ್ಳಬೇಕು.

2019ರಿಂದ ಪಶುಸಂಗೋಪನೆಗೂ ವಿಸ್ತರಿಸಲಾದ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವು ಮೇವು, ಔಷಧ ಮುಂತಾದ ದಿನವಹಿ ಖರ್ಚಿಗೆ ಸಂಬಂಧಿಸಿದ್ದು. ಅದನ್ನು ಕೊಟ್ಟಿಗೆ ಕಟ್ಟಲು ಬಳಸಿದಲ್ಲಿ ಮರುಪಾವತಿಯ ಗಡುವು ಬರುವ ವೇಳೆಗೆ ಹಣ ಕಟ್ಟಡದಲ್ಲಿ ಸಿಕ್ಕಿಕೊಂಡು ರೈತರು ತೊಂದರೆಗೆ ಒಳಗಾಗುತ್ತಾರೆ. ಕಟ್ಟಡಕ್ಕೆ ಹಲವು ವರ್ಷಗಳಲ್ಲಿ ತೀರಿಸುವ ಅವಧಿ ಸಾಲವೇ ಸರಿಯಾದುದು. ತಿಂಗಳ ಹಾಲಿನ ಬಟವಾಡೆಯಲ್ಲಿ ಮೇವಿನ ಖರ್ಚು ಕಳೆದು ಉಳಿಯುವ ಮೊತ್ತಕ್ಕಿಂತ ಕಂತು ಹೆಚ್ಚಾಗದಂತೆ ನೋಡಿಕೊಳ್ಳಬೇಕು.

ಸ್ಥಳ ಪರಿಶೀಲನೆ ಮತ್ತು ಅಳತೆಯ ಬಗ್ಗೆ ಸಮೀಪದ ಪಶು ಚಿಕಿತ್ಸಾಲಯ, ಹಾಲು ಉತ್ಪಾದಕರ ಸಹಕಾರ ಸಂಘ ಅಥವಾ ನಂಜನಗೂಡು ತಾಲ್ಲೂಕು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯಬಹುದು. ಜಾನುವಾರುಗಳ ತುರ್ತು ಚಿಕಿತ್ಸೆಗೆ ಪಶು ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ ಸಂಖ್ಯೆ 1962ಕ್ಕೆ ಕರೆ ಮಾಡುವುದು.

ಕೊಟ್ಟಿಗೆ ಸರಿಯಾಗಿದೆಯೇ ಎಂಬುದನ್ನು ಬೆಳಗಿನ ಜಾವ ಬಾಗಿಲು ತೆರೆದ ಕೂಡಲೇ ತಿಳಿಯಬಹುದು. ಮೂಗಿಗೆ ಗಂಜಲದ ಘಾಟು ಬಡಿಯದೆ, ಮಲಗಿದ ಹಸುವಿನ ಕೆಚ್ಚಲು ಒಣಗಿದ್ದಲ್ಲಿ, ಗೋಡೆಯಿಲ್ಲದಿದ್ದರೂ ಆ ಕೊಟ್ಟಿಗೆ ಉತ್ತಮವೆಂದು ಭಾವಿಸತಕ್ಕದ್ದು.